ಪಂಥ, ಠೇವಣಿ, ಬಹುಮಾನ: ತೂಕ ಇಳಿಸಲು ಹಣ ಕಟ್ಟುವ ಕ್ರಮದ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಮೈತೂಕ ಇಳಿಸುವ ಛಲಕ್ಕೆ ಹಣದ ಒತ್ತಾಸೆ ಕೊಡುವ ಕ್ರಮವನ್ನು ಮಾತಿನಲ್ಲಿ ಒಟ್ಟಾಗಿ ‘ಪಂಥ’ ಎನ್ನುತ್ತೇವೆ. ಈ ಒಂದು ಹೆಸರಿನಡಿ ಕನಿಷ್ಠ ಮೂರು ವ್ಯವಸ್ಥೆಗಳಿವೆ. ಇಬ್ಬರು ಅಥವಾ ಹೆಚ್ಚು ಮಂದಿ ಹಣ ಕಟ್ಟಿ, ಸೋತವರ ಪಾಲು ಗೆದ್ದವರಿಗೆ ಹೋಗುವುದು ಪಂಥ. ಒಬ್ಬನೇ ತನ್ನ ಹಣವನ್ನು ಇನ್ನೊಬ್ಬರ ಕೈಯಲ್ಲಿಟ್ಟು, ಗುರಿ ತಪ್ಪಿದರೆ ಅದನ್ನು ಕಳೆದುಕೊಳ್ಳಲು ಒಪ್ಪುವುದು ಮುಟ್ಟುಗೋಲು ಠೇವಣಿ. ತೂಕ ಇಳಿಸುವವನು ಏನನ್ನೂ ಕಟ್ಟದೆ, ಗುರಿ ಮುಟ್ಟಿದರೆ ಮೂರನೆಯವರಿಂದ ಹಣ ಪಡೆಯುವುದು ಬಹುಮಾನ. ಪ್ರಕಟಿತ ಪ್ರಯೋಗಗಳ ಪುರಾವೆ ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಬಗೆಗೆ ಸೇರಿದ್ದು. ಅದನ್ನು ಮೊದಲನೆಯದಕ್ಕೆ ನೇರವಾಗಿ ಅನ್ವಯಿಸುವುದು ಸರಿಯಲ್ಲ ಎಂಬುದು ಈ ಟಿಪ್ಪಣಿಯ ಸೀಮಿತ ವಾದ.

2. ಪದ

ಪಂಥಕ್ಕೆ ‘ಪಣ’ ಎಂಬ ಮಾತೂ ಇದೆ. ಕನ್ನಡದಲ್ಲಿ ‘ಪಣ ತೊಟ್ಟ’ ಎಂದರೆ ದೃಢ ಸಂಕಲ್ಪ ಮಾಡಿದ. ‘ಪಣಕ್ಕಿಟ್ಟ’ ಎಂದರೆ ಸೋಲು ಗೆಲುವಿಗೆ ಒಡ್ಡಿದ. ಕ್ರಿಯಾಪದ ಬದಲಾದರೆ ಜೂಜು ಶಪಥವಾಗುತ್ತದೆ. ‘ಹಣ’ ಎಂಬುದು ‘ಪಣ’ದ ತದ್ಭವ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ನಿಲುವು, ಆದಿಯ ಪಕಾರ ಹಕಾರವಾಗುವುದು ಹೊಸಗನ್ನಡದ ಪರಿಚಿತ ಧ್ವನಿವ್ಯತ್ಯಾಸ. ಉಡುಪಿ ಜಿಲ್ಲೆಯ ನಿಟ್ಟೆ, ಕಾರ್ಕಳ, ಕಾಪು ಕಡೆಯ ತುಳುವಿನಲ್ಲಿ ಈ ಪಕಾರ ಇಂದಿಗೂ ಉಳಿದಿದೆ: ಕನ್ನಡದ ಹೂವು ಅಲ್ಲಿ ‘ಪೂ’. ಶಪಥ, ಒಡ್ಡು, ನಾಣ್ಯ ಮೂರನ್ನೂ ಒಂದೇ ಪದಮೂಲ ಹೊತ್ತಿರುವುದರಿಂದ ಮೇಲಿನ ಮೂರು ವ್ಯವಸ್ಥೆಗಳು ಮಾತಿನಲ್ಲಿ ಬೆರೆತುಹೋಗುವುದು ಸಹಜ. ಪದದ ಇತಿಹಾಸದಿಂದ ಆಚರಣೆಯ ಇತಿಹಾಸವನ್ನು ಊಹಿಸುವ ಗೋಜಿಗೆ ಇಲ್ಲಿ ಹೋಗಿಲ್ಲ.

3. ಫಿಲಡೆಲ್ಫಿಯಾ, 2008

ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗ ಕೆವಿನ್ ವೋಲ್ಪ್, ಲೆಸ್ಲಿ ಜಾನ್, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಸಂಗಡಿಗರದು. ಫಿಲಡೆಲ್ಫಿಯಾದಲ್ಲಿ ನಡೆದ ಅದು ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ 2008ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಭಾಗವಹಿಸಿದವರು 57 ಮಂದಿ. ವಯಸ್ಸು 30ರಿಂದ 70, ದೇಹ ದ್ರವ್ಯರಾಶಿ ಸೂಚ್ಯಂಕ (ಬಿಎಂಐ) 30ರಿಂದ 40. ಗುರಿ ವಾರಕ್ಕೆ 1 ಪೌಂಡ್‌ನಂತೆ 16 ವಾರಗಳಲ್ಲಿ 16 ಪೌಂಡ್, ಅಂದರೆ ಸುಮಾರು 7.26 ಕಿಲೋ. ಮೂರು ಗುಂಪುಗಳು: ತಿಂಗಳಿಗೊಮ್ಮೆ ತೂಕ ನೋಡುವುದಷ್ಟೇ ಇದ್ದ ನಿಯಂತ್ರಣ ಗುಂಪು, ತಾವು ಹಣ ಕಟ್ಟದೆ ಲಾಟರಿಯಿಂದ ಬಹುಮಾನ ಗೆಲ್ಲಬಹುದಾದ ಲಾಟರಿ ಗುಂಪು, ಠೇವಣಿ ಗುಂಪು. ಠೇವಣಿ ಗುಂಪಿನವರು ದಿನಕ್ಕೆ 1 ಸೆಂಟ್‌ನಿಂದ 3 ಡಾಲರ್‌ವರೆಗೆ ತಮ್ಮ ಹಣ ಕಟ್ಟಬಹುದಿತ್ತು.

ಹದಿನಾರು ವಾರಗಳ ಕೊನೆಗೆ ಸರಾಸರಿ ಇಳಿಕೆ ನಿಯಂತ್ರಣ ಗುಂಪಿನಲ್ಲಿ 3.9 ಪೌಂಡ್ (1.8 ಕಿಲೋ), ಲಾಟರಿಯಲ್ಲಿ 13.1 (5.9 ಕಿಲೋ), ಠೇವಣಿಯಲ್ಲಿ 14.0 (6.4 ಕಿಲೋ). ಗುರಿ ಮುಟ್ಟಿದವರ ಪ್ರಮಾಣ ಕ್ರಮವಾಗಿ ಶೇ. 10.5, 52.6 ಮತ್ತು 47.4.

ಈ ಶೇಕಡಾವಾರುಗಳನ್ನು ತಲೆಗಳಿಗೆ ಇಳಿಸಿ ನೋಡುವುದು ಅಗತ್ಯ. 57ನ್ನು ಮೂರಾಗಿ ಹಂಚಿದರೆ ಗುಂಪಿಗೆ 19 ಮಂದಿ. ಆಗ ಗುರಿ ಮುಟ್ಟಿದವರು ಕ್ರಮವಾಗಿ 2, 10 ಮತ್ತು 9 ಜನ. ಇಂಥ ಅಂಕಿಗಳಿಂದ ‘ಹಣ ಕಟ್ಟಿದರೆ ಯಶಸ್ಸು ಐದು ಪಟ್ಟು’ ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಐದು ಪಟ್ಟು ಬರುವುದು ಲಾಟರಿ ಗುಂಪಿನಿಂದ, ಅವರು ಹಣ ಕಟ್ಟಿದವರಲ್ಲ. ಠೇವಣಿಯವರದು ನಾಲ್ಕೂವರೆ ಪಟ್ಟು. ಎರಡೂ ಕಡೆ ಛೇದದಲ್ಲಿರುವುದು ಇಬ್ಬರು ವ್ಯಕ್ತಿಗಳು.

ಇನ್ನೊಂದು ಅಂಶ ಮರುಕಥನಗಳಲ್ಲಿ ಬಿಟ್ಟುಹೋಗುವ ಸಂಭವ ಹೆಚ್ಚು. ಠೇವಣಿದಾರರು ಕಟ್ಟಿದಷ್ಟೇ ಹಣವನ್ನು ಸಂಶೋಧಕರೂ ಸೇರಿಸುತ್ತಿದ್ದರು, ಅದರ ಮೇಲೆ ದಿನಕ್ಕೆ 3 ಡಾಲರ್ ನಿಗದಿತ ಮೊತ್ತವೂ ಇತ್ತು. ಆದ್ದರಿಂದ ಇದನ್ನು ಶುದ್ಧ ಠೇವಣಿ ಎನ್ನುವಂತಿಲ್ಲ. ಠೇವಣಿ ಮತ್ತು ಬಹುಮಾನದ ಮಿಶ್ರಣ ಎಂದರೆ ಹೆಚ್ಚು ನಿಖರ. ಗೆಳೆಯರಿಬ್ಬರ ಪಂಥದಲ್ಲಿ ಜೋಡಿ ಹಣ ಹಾಕುವವರು ಯಾರೂ ಇರುವುದಿಲ್ಲ.

ಏಳನೆಯ ತಿಂಗಳಲ್ಲಿ ಮತ್ತೆ ತೂಗಿದಾಗ ಆರಂಭದಿಂದ ಉಳಿದ ಇಳಿಕೆ ಲಾಟರಿಯಲ್ಲಿ 9.2 ಪೌಂಡ್, ಠೇವಣಿಯಲ್ಲಿ 6.2, ನಿಯಂತ್ರಣ ಗುಂಪಿನಲ್ಲಿ 4.4. ನಿಯಂತ್ರಣ ಗುಂಪಿಗೆ ಹೋಲಿಸಿದ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಾಗಿರಲಿಲ್ಲ. ಮೊದಲ ತೂಗುವಿಕೆಯಲ್ಲಿ ತುಸು ಮುಂದಿದ್ದ ಠೇವಣಿ ಗುಂಪು ಎರಡನೆಯದರಲ್ಲಿ ಲಾಟರಿಗಿಂತ ಹಿಂದೆ ಬಿದ್ದಿರುವುದು ಗಮನಾರ್ಹ. ಆದರೆ 19 ಜನರ ಮೇಲೆ ಆ ಕ್ರಮಪಲ್ಲಟದ ವಿವರಣೆ ಕಟ್ಟುವುದು ದುಡುಕಾದೀತು.

4. ಅವಧಿ ಮತ್ತು ಒಪ್ಪಿಗೆ

ಲೆಸ್ಲಿ ಜಾನ್ ಮೊದಲ ಲೇಖಕಿಯಾಗಿ 2011ರಲ್ಲಿ ಪ್ರಕಟಿಸಿದ ಪ್ರಯೋಗ ಅವಧಿಯನ್ನು 32 ವಾರಗಳಿಗೆ ವಿಸ್ತರಿಸಿತು. 66 ಮಂದಿ ಭಾಗವಹಿಸಿದರು. 32 ವಾರಗಳ ಕೊನೆಗೆ ಠೇವಣಿ ಕಟ್ಟಿದವರ ಇಳಿಕೆ 8.7 ಪೌಂಡ್, ಉಳಿದವರದು 1.2. ಹಣ ನಿಂತು 36 ವಾರಗಳಾದ ಮೇಲೆ ಇಳಿಕೆ ಕ್ರಮವಾಗಿ 1.2 ಮತ್ತು 0.3 ಪೌಂಡ್. ಕಿಲೋ ಲೆಕ್ಕದಲ್ಲಿ ಉಳಿದ ಅಂತರ ಅರ್ಧ ಕಿಲೋಗಿಂತ ಕಡಿಮೆ. ಬೆಳಗಿನ ಮತ್ತು ಸಂಜೆಯ ತೂಕದ ನಡುವೆಯೇ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದು.

ಮತ್ತೊಂದು ಪ್ರಶ್ನೆ ಎಷ್ಟು ಜನ ಹಣ ಕಟ್ಟಲು ಒಪ್ಪುತ್ತಾರೆ ಎಂಬುದು. ಇದಕ್ಕೆ ಸ್ಪಷ್ಟ ಅಂಕಿ ದೊರೆಯುವುದು ಧೂಮಪಾನ ಬಿಡಿಸುವ ಪ್ರಯೋಗದಿಂದ, ತೂಕದ್ದರಿಂದಲ್ಲ ಎಂಬುದನ್ನು ನೆನಪಿಡಬೇಕು. ಸ್ಕಾಟ್ ಹಾಲ್ಪರ್ನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ಬಹುಮಾನದ ಕ್ರಮಕ್ಕೆ ನಿಯೋಜಿತರಾದವರಲ್ಲಿ ಶೇ. 90.0 ಮಂದಿ ಒಪ್ಪಿದರು; 150 ಡಾಲರ್ ಠೇವಣಿ ಕೇಳಿದಾಗ ಒಪ್ಪಿದವರು ಶೇ. 13.7. ಒಪ್ಪಿದ ಸ್ವಭಾವದವರಲ್ಲಿ ಠೇವಣಿಯೇ ಹೆಚ್ಚು ಫಲ ಕೊಟ್ಟಿರುವಂತೆ ಆ ವಿಶ್ಲೇಷಣೆ ತೋರಿಸುತ್ತದೆ. ಕಳೆದುಕೊಳ್ಳುವ ಭಯ ಬಲವಾದ ಔಷಧವಿರಬಹುದು, ಅದನ್ನು ನುಂಗಲು ಹೆಚ್ಚಿನವರು ಬಾಯಿ ತೆರೆಯುವುದಿಲ್ಲ.

5. ಬೆಂಗಳೂರು, 2022

ಕರ್ನಾಟಕದಲ್ಲಿ ವ್ಯಾಪಕವಾಗಿ ಸುದ್ದಿಯಾದ ಪ್ರಕರಣ ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾದ್ದು. ಸ್ಥಾಪಕರಲ್ಲೊಬ್ಬರಾದ ನಿತಿನ್ ಕಾಮತ್ 2022ರ ಏಪ್ರಿಲ್‌ನಲ್ಲಿ, ವಿಶ್ವ ಆರೋಗ್ಯ ದಿನದ ಸಂದರ್ಭದಲ್ಲಿ, ಸಿಬ್ಬಂದಿಗಾಗಿ ಒಂದು ಬೋನಸ್ ಯೋಜನೆಯನ್ನು ಪ್ರಕಟಿಸಿದರು. ಷರತ್ತುಗಳು ಎರಡು. ದೇಹ ದ್ರವ್ಯರಾಶಿ ಸೂಚ್ಯಂಕ 25ಕ್ಕಿಂತ ಕಡಿಮೆ ಇರುವವರಿಗೆ ಅರ್ಧ ತಿಂಗಳ ಸಂಬಳ ಬೋನಸ್. ಇಡೀ ತಂಡದ ಸರಾಸರಿ 25.3ರಿಂದ ಆಗಸ್ಟ್ ವೇಳೆಗೆ 24ಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಇನ್ನರ್ಧ ತಿಂಗಳ ಸಂಬಳ.

ಇದನ್ನು ‘ತೂಕ ಇಳಿಸಿದರೆ ಬೋನಸ್’ ಎನ್ನುವುದು ಷರತ್ತಿನ ಅಕ್ಷರಾರ್ಥಕ್ಕೆ ಹೊಂದುವುದಿಲ್ಲ. ಮೊದಲ ಷರತ್ತು ಇಳಿಕೆಯನ್ನಲ್ಲ, ಮಟ್ಟವನ್ನು ಪುರಸ್ಕರಿಸುತ್ತದೆ. ಮೊದಲಿನಿಂದಲೂ 22ರಲ್ಲಿದ್ದವರು ಏನೂ ಮಾಡದೆ ಅರ್ಹರು. 34ರಿಂದ 29ಕ್ಕೆ ಇಳಿದವರು ಅನರ್ಹರು. ಎರಡನೆಯದು ತಂಡದ ಸರಾಸರಿಯನ್ನು ಆಧರಿಸಿದ್ದು. ಸರಾಸರಿ ಹೊಸ ನೇಮಕದಿಂದಲೂ ಬದಲಾಗಬಲ್ಲದು. ಸೂಚ್ಯಂಕ ಆರೋಗ್ಯದ ಅತ್ಯುತ್ತಮ ಅಳತೆಯಲ್ಲ, ಆರಂಭಿಸಲು ಸುಲಭವಾದದ್ದು ಎಂಬ ಅರ್ಥದ ಮಾತನ್ನು ಪ್ರಕಟಿಸಿದವರೇ ಆಡಿದ್ದರು ಎಂಬುದನ್ನು ದಾಖಲಿಸಬೇಕು.

ಗುರಿಯ ಗಾತ್ರ: 170 ಸೆಂ.ಮೀ. ಎತ್ತರದ ವ್ಯಕ್ತಿಗೆ ಸೂಚ್ಯಂಕ 25.3 ಎಂದರೆ 73.1 ಕಿಲೋ, 24 ಎಂದರೆ 69.4 ಕಿಲೋ. ಅಂತರ ಸುಮಾರು 3.8 ಕಿಲೋ, ಅಂದರೆ ಫಿಲಡೆಲ್ಫಿಯಾದ ಗುರಿಯ ಅರ್ಧ. 25 ಎಂಬ ಗಡಿಯನ್ನೂ ಪ್ರಶ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆ 2004ರಲ್ಲಿ ಏಷ್ಯಾದ ಜನರಿಗೆ 23 ಮತ್ತು 27.5ನ್ನು ಕ್ರಮ ಕೈಗೊಳ್ಳಬೇಕಾದ ಮಟ್ಟಗಳಾಗಿ ಸೂಚಿಸಿತು. 2009ರ ಭಾರತೀಯ ಒಮ್ಮತದ ಹೇಳಿಕೆ 25ನ್ನು ಬೊಜ್ಜಿನ ಆರಂಭವೆಂದು ಪರಿಗಣಿಸಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಬಳಸಿದ ಗಡಿಯೂ 25. ಅದರಂತೆ ಕರ್ನಾಟಕದ ಮಹಿಳೆಯರಲ್ಲಿ ಶೇ. 30.1, ಪುರುಷರಲ್ಲಿ ಶೇ. 30.9 ಮಂದಿ ಅಧಿಕ ತೂಕದವರು.

ಸಿಬ್ಬಂದಿಯಲ್ಲಿ ಯಾರ ಜೇಬಿನಿಂದಲೂ ಹಣ ಹೋಗುವ ಸಂಭವ ಇಲ್ಲದ್ದರಿಂದ ಝೆರೋಧಾದ್ದು ಬಹುಮಾನ. ಪಂಥವೂ ಅಲ್ಲ, ಠೇವಣಿಯೂ ಅಲ್ಲ.

6. ಉಡುಪಿ, 1928

ಠೇವಣಿಯ ಕ್ರಮಕ್ಕೆ ಹತ್ತಿರದ ರಚನೆ ಉಡುಪಿಯಲ್ಲೇ, ಬೇರೆ ಉದ್ದೇಶಕ್ಕಾಗಿ, ಫಿಲಡೆಲ್ಫಿಯಾದ ಪ್ರಯೋಗಕ್ಕಿಂತ ಎಂಬತ್ತು ವರ್ಷ ಮೊದಲು ರೂಪುಗೊಂಡಿತ್ತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಗೆ, ಅಂಗಡಿಗೆ ಬಂದು ಸಂಗ್ರಹಿಸುತ್ತಿದ್ದರು. ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ’ ಎಂಬ ಮಾತು ಕರಾವಳಿಯಲ್ಲಿ ಬ್ಯಾಂಕಿನ ಹೆಸರನ್ನು ಮೀರಿ ಉಳಿದಿದೆ.

ಹೋಲಿಕೆ ಮೂರು ಅಂಶಗಳಲ್ಲಿದೆ: ಮೊತ್ತ ಸಣ್ಣದು, ಆವರ್ತನ ದೈನಿಕ, ಮತ್ತು ಪ್ರತಿದಿನ ಎದುರು ಬಂದು ಕೇಳುವ ಇನ್ನೊಬ್ಬ ಮನುಷ್ಯನಿದ್ದಾನೆ. ಭೇದ ಒಂದೇ ಆದರೂ ನಿರ್ಣಾಯಕ: ಪಿಗ್ಮಿಯಲ್ಲಿ ದಿನ ತಪ್ಪಿದವನ ಅಸಲು ಇನ್ನೊಬ್ಬರಿಗೆ ಹೋಗುವುದಿಲ್ಲ. ಯೋಜನೆಯ ಹಿಂದಿದ್ದ ಟಿ.ಎಂ.ಎ. ಪೈ ವೃತ್ತಿಯಿಂದ ವೈದ್ಯರು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದವರು. ಇದನ್ನು ಕಾಕತಾಳೀಯವೆಂದೇ ಭಾವಿಸುವುದು ಕ್ಷೇಮ.

ಹರಕೆಯ ಮುಡಿಪು ಇನ್ನೊಂದು ಬಂಧು. ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟ ಮೇಲೆ ಆ ಹಣ ಮನೆಯಲ್ಲೇ ಇದ್ದರೂ ಮನೆಯವರದಲ್ಲ. ತುಲಾಭಾರದಲ್ಲಿ ಮೈತೂಕಕ್ಕೂ ವೆಚ್ಚಕ್ಕೂ ನೇರ ಸಂಬಂಧವೇ ಇದೆ: ಅಕ್ಕಿ, ಬೆಲ್ಲ, ತೆಂಗಿನಕಾಯಿ ಯಾವುದೇ ಆಗಲಿ, ಭಾರ ಹೆಚ್ಚಿದಷ್ಟೂ ಸೇವೆಯ ವೆಚ್ಚ ಹೆಚ್ಚು. ಆದರೆ ಹೆಚ್ಚು ಕೊಟ್ಟಷ್ಟೂ ಪುಣ್ಯ ಎಂಬ ಭಾವನೆ ಇರುವಲ್ಲಿ ಇದನ್ನು ತೂಕ ಇಳಿಸುವ ಪ್ರೇರಣೆ ಎನ್ನಲಾಗದು.

7. ಕಾನೂನು

ನಿಟ್ಟೆಯ ಇಬ್ಬರು ಗೆಳೆಯರು ಮೂರು ತಿಂಗಳಲ್ಲಿ ಐದು ಕಿಲೋ ಇಳಿಸುವುದರ ಮೇಲೆ 5,000 ರೂಪಾಯಿ ಪಂಥ ಕಟ್ಟಿದರೆಂದು ಇಟ್ಟುಕೊಳ್ಳೋಣ. 1872ರ ಭಾರತೀಯ ಕರಾರು ಅಧಿನಿಯಮದ 30ನೆಯ ಕಲಮಿನಂತೆ ಪಂಥದ ಒಪ್ಪಂದ ಅನೂರ್ಜಿತ. ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಅನೂರ್ಜಿತ ಎಂದರೆ ಅಪರಾಧ ಎಂದಲ್ಲ: ಘೇರುಲಾಲ್ ಪಾರಖ್ ಪ್ರಕರಣದಲ್ಲಿ (1959) ಸರ್ವೋಚ್ಚ ನ್ಯಾಯಾಲಯ ಈ ಭೇದವನ್ನು ಸ್ಪಷ್ಟಪಡಿಸಿತು. ಪಂಥಕ್ಕೆ ಪೂರಕವಾದ ಒಪ್ಪಂದಗಳನ್ನೂ ಅನೂರ್ಜಿತಗೊಳಿಸಿದ 1865ರ ಕಾಯಿದೆ ಬೊಂಬಾಯಿ ಪ್ರಾಂತದ್ದು. ಉತ್ತರ ಕನ್ನಡ 1862ರಲ್ಲೇ ಬೊಂಬಾಯಿಗೆ ಸೇರಿತ್ತು. ಉಡುಪಿ, ಕಾರ್ಕಳಗಳಿದ್ದ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿದಿತ್ತು. ಕರಾವಳಿಯ ಎರಡು ಭಾಗಗಳನ್ನು ಈ ವಿಷಯದಲ್ಲಿ ಒಟ್ಟುಗೂಡಿಸುವುದು ತಪ್ಪಾಗುತ್ತದೆ.

ಪಂಥದ ಘಟನೆ ಎರಡೂ ಪಕ್ಷಗಳ ಹಿಡಿತದ ಹೊರಗಿರಬೇಕು ಎಂಬ ಲಕ್ಷಣವನ್ನು ಕೆಲವು ಕಾನೂನು ಪಠ್ಯಗಳು ಸೇರಿಸುತ್ತವೆ. ಸ್ವಂತ ಮೈತೂಕ ಹಿಡಿತದೊಳಗಿದೆಯೇ ಹೊರಗಿದೆಯೇ ಎಂಬುದು, ಪಂಥ ಕಟ್ಟುವ ಅಗತ್ಯ ಬಿದ್ದವರ ಮಟ್ಟಿಗೆ, ಚರ್ಚಾಸ್ಪದ. 2025ರ ಆಗಸ್ಟ್ 22ರಂದು ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕುರಿತ ಕೇಂದ್ರ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲ್ಯ ಅದೃಷ್ಟಗಳ ಭೇದವೆಣಿಸದೆ, ನಿಷೇಧಿಸುತ್ತದೆ. ಮೊಬೈಲ್ ಆ್ಯಪ್ ಮೂಲಕ ಅಪರಿಚಿತರು ಒಂದೇ ನಿಧಿಗೆ ಹಣ ಹಾಕಿ, ಗೆದ್ದವರು ಹಂಚಿಕೊಳ್ಳುವ ತೂಕದ ಪಂಥ ‘ಆಟ’ ಎನಿಸುತ್ತದೆಯೇ ಎಂಬುದು ವ್ಯಾಖ್ಯಾನದ ಪ್ರಶ್ನೆ. ಎನಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಮೂರನೆಯವರಿಗೆ ಲಾಭವಿಲ್ಲದ ಸ್ವಂತ ಠೇವಣಿಯ ಸ್ಥಿತಿ ಬೇರೆ ಇರುವಂತೆ ತೋರುತ್ತದೆ.

8. ತೂಗುವ ದಿನ

ರೊನಾಲ್ಡ್ ಮ್ಯಾನ್ 1972ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಭಾಗಿಗಳು ಹಣ ಹಾಗೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಒಪ್ಪಂದದಂತೆ ಒಪ್ಪಿಸಿ, ಇಳಿಕೆಗೆ ತಕ್ಕಂತೆ ಮರಳಿ ಗಳಿಸಬೇಕಿತ್ತು. ತೂಗುವ ದಿನ ಹತ್ತಿರವಾದಾಗ ಕೆಲವರು ಭೇದಿ ಮಾತ್ರೆ, ಮೂತ್ರವರ್ಧಕಗಳ ಮೊರೆಹೋದದ್ದನ್ನೂ ಅದು ದಾಖಲಿಸಿದೆ. ತಕ್ಕಡಿ ಕೊಬ್ಬನ್ನೂ ನೀರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಮಧುಮೇಹ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಇಂಥ ಗಡುವಿನ ಪಂಥಕ್ಕೆ ಇಳಿಯುವ ಮುನ್ನ ವೈದ್ಯರನ್ನು ಕೇಳುವುದು ಅವಶ್ಯ.

ಉಡುಪಿ, ಕಾಪು, ಕಾರ್ಕಳ ಕಡೆ ಮನೆಯೊಳಗೋ ಗೆಳೆಯರ ನಡುವೆಯೋ ಇಂಥ ಪಂಥ ನಡೆಸಿದ ಓದುಗರಲ್ಲಿ ಒಂದು ವಿನಂತಿ. ಕಟ್ಟಿದ ಮೊತ್ತ, ಹಣ ಯಾರ ಕೈಯಲ್ಲಿತ್ತು, ಆರಂಭದ ತೂಕ, ಕೊನೆಯ ದಿನದ ತೂಕ, ಇವುಗಳ ಜೊತೆಗೆ ಹಣದ ಲೆಕ್ಕ ಮುಗಿದು ಸರಿಯಾಗಿ ಒಂದು ವರ್ಷದ ನಂತರದ ತೂಕವನ್ನೂ ದಿನಾಂಕ ಸಹಿತ ಬರೆದಿಡಿ. ಮೂರೂ ತೂಕಗಳನ್ನು ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ಒಂದೇ ತಕ್ಕಡಿಯ ಮೇಲೆ ತೆಗೆದದ್ದಲ್ಲವಾದರೆ ಅದನ್ನೂ ನಮೂದಿಸಿ.