ಅಕ್ವೇರಿಯಂಗೆ ಜೀವಂತ ಹವಳ ತರಬಹುದಾ? ಆರ್ಡರ್ ಮಾಡೋ ಮುಂಚೆ ಅಂತರಘಟ್ಟೆ ಭಾಗದವರು ತಿಳಿಯಬೇಕಾದ ವಿಷಯ

ಅಂತರಘಟ್ಟೆ: ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ, ಹೋಟೆಲ್ ಮುಂಭಾಗ, ಮನೆಯ ಹಾಲ್‌ನಲ್ಲಿ ಮೀನಿನ ತೊಟ್ಟಿ ಇಡುವುದು ಈಗ ಹಳ್ಳಿ ಕಡೆಯೂ ಹೊಸದಲ್ಲ. ಗೋಲ್ಡ್‌ಫಿಶ್, ಗಪ್ಪಿ ಸಾಕಿ ರೂಢಿಯಾದವರಿಗೆ ಮುಂದಿನ ಆಸೆ ಸಮುದ್ರದ ತೊಟ್ಟಿ. ಮೊಬೈಲ್ ತೆರೆದರೆ ನೀಲಿ ಬೆಳಕಲ್ಲಿ ಮಿನುಗುವ ಹವಳದ ವಿಡಿಯೊ, ಕೆಳಗೆ "ಎಲ್ಲಿಗೆ ಬೇಕಾದ್ರೂ ಪಾರ್ಸೆಲ್ ಕಳಿಸ್ತೀವಿ" ಅನ್ನೋ ಮಾತು.

ಹಣ ಕಳಿಸುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ಮೊದಲನೆಯದು, ನಮ್ಮ ದೇಶದಲ್ಲಿ ಗಟ್ಟಿ ಹವಳವನ್ನು ಕಿತ್ತು ತಂದು ಮಾರುವುದು, ಸಾಗಿಸುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ವನ್ಯಜೀವಿ ಅಪರಾಧ. ಎರಡನೆಯದು, ಕಾನೂನಿನ ತೊಡಕಿಲ್ಲದ ಅಲಂಕಾರಿಕ ಮೀನು ಕೂಡ ಪ್ಯಾಕಿಂಗ್ ಸರಿ ಇಲ್ಲದಿದ್ದರೆ ಊರು ಸೇರುವಷ್ಟರಲ್ಲಿ ಸಾಯುತ್ತದೆ. ಎರಡರ ಪೂರ್ತಿ ವಿವರ ಇಲ್ಲಿದೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ

ನೋಡಲು ಕಲ್ಲಿನಂತೆಯೋ ಗಿಡದ ಕೊಂಬೆಯಂತೆಯೋ ಕಂಡರೂ ಹವಳ ಒಂದು ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಬಿಸಿಲಿನಿಂದ ಆಹಾರ ಮಾಡಿಕೊಡುವುದು ಆ ಪಾಚಿಯೇ. ಹವಳಕ್ಕೆ ಬರುವ ಬಣ್ಣದಲ್ಲೂ ಅದರ ಪಾಲು ದೊಡ್ಡದು. ನೀರಿನ ಬಿಸಿ ಬೇಸಿಗೆಯ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಪಾಚಿ ಹೊರಹೋಗಿ ಹವಳ ಬೆಳ್ಳಗಾಗುತ್ತದೆ, ಕೊನೆಗೆ ಸಾಯುತ್ತದೆ.

ತಾಳಿಸರದಲ್ಲಿ, ಉಂಗುರದಲ್ಲಿ ಹಾಕುವ ಕೆಂಪು ಹವಳ ಬೇರೆ ಜಾತಿಯದು. ಇಲ್ಲಿ ಹೇಳುತ್ತಿರುವುದು ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ. ದೇಶದಲ್ಲಿ ಇದು ಮುಖ್ಯವಾಗಿ ಇರುವುದು ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಗುಜರಾತಿನ ಕಚ್ ಕೊಲ್ಲಿಯಲ್ಲಿ. ನಮ್ಮ ರಾಜ್ಯದಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಸ್ಕೂಬಾ ಡೈವಿಂಗ್‌ಗೆ ಜನ ಹೋಗುವುದು ಅಲ್ಲಿಗೇ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಹವಳ ಸೇರಿತು. ಹುಲಿ, ಆನೆ ಇರುವುದೂ ಇದೇ ಪಟ್ಟಿಯಲ್ಲಿ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್, ಇವೆಲ್ಲ ಅದರಲ್ಲಿವೆ. ಸಮುದ್ರ ಕುದುರೆಗೂ ಇದೇ ರಕ್ಷಣೆ ಇದೆ.

2022ರ ತಿದ್ದುಪಡಿಯ ನಂತರ ಮೊದಲ ಪಟ್ಟಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆ ಇಲ್ಲದ ದಂಡ. ಮಾಲು ಸಾಗಿಸಿದ ವಾಹನವನ್ನೂ ವಶಪಡಿಸಿಕೊಳ್ಳಬಹುದು.

ಇನ್ನೊಂದು ಮುಖ್ಯ ಅಂಶ: ಇಂಥ ವಸ್ತು ಒಬ್ಬರ ಕೈಯಲ್ಲಿ ಸಿಕ್ಕರೆ, ಅದು ಕಾನೂನುಬದ್ಧ ಎಂದು ತೋರಿಸುವ ಹೊಣೆ ಇಟ್ಟುಕೊಂಡವರದ್ದೇ. "ಫಾರಿನ್ ಮಾಲು ಸಾರ್, ಏನೂ ಆಗಲ್ಲ" ಎಂದ ಮಾರಾಟಗಾರ ಆಗ ಪಕ್ಕದಲ್ಲಿ ಇರುವುದಿಲ್ಲ. ಗಟ್ಟಿ ಹವಳ ಗಡಿ ದಾಟಲು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕು. ಕೊರಿಯರ್ ರಸೀದಿ ಅದಕ್ಕೆ ಸಮ ಅಲ್ಲ.

ಮೆದು ಹವಳದ ಕೆಲವು ಜಾತಿಗಳು 2001ರ ಆ ಪಟ್ಟಿಯಲ್ಲಿ ಹೆಸರಿಸಿದ ಗುಂಪುಗಳಿಗೆ ಸೇರುವುದಿಲ್ಲ. ಆದರೆ ಕವರ್‌ನೊಳಗೆ ಮುದುಡಿಕೊಂಡ ಜೀವಿಯನ್ನು ನೋಡಿ ಯಾವ ಜಾತಿ ಎಂದು ಹೇಳುವುದು ತಿಳಿದವರಿಗೂ ಕಷ್ಟ. ಜಾತಿಯ ಹೆಸರು ಬರೆದ ಬಿಲ್ಲು, ಆಮದು ದಾಖಲೆ ಎರಡೂ ಇಲ್ಲದಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು.

ಬೇರೆ ಹೆಸರಲ್ಲಿ ಬರುವ ಹವಳ

* ಇಂದ್ರಜಾಲ: ವಾಸ್ತು ದೋಷಕ್ಕೆ, ದೃಷ್ಟಿಗೆ ಎಂದು ಚೌಕಟ್ಟು ಹಾಕಿ ಮಾರುವ ಕಪ್ಪು ಕೊಂಬೆ. ಗಿಡದ ಬೇರು ಎಂದು ಹೇಳಿ ಮಾರುವ ಇದು ಹೆಚ್ಚಾಗಿ ಕಪ್ಪು ಹವಳ ಅಥವಾ ಸೀ ಫ್ಯಾನ್. ಪೂಜಾ ಸಾಮಗ್ರಿ, ಗ್ರಂಧಿಗೆ ಅಂಗಡಿಯವರು ಇದನ್ನು ತರಿಸಲೇಬಾರದು. ಜಾತ್ರೆ ವ್ಯಾಪಾರದ ಸಮಯದಲ್ಲಿ ಹೊರಗಿನವರು ತಂದು ಕೊಟ್ಟರೂ ಇಡಬಾರದು.
* ಲೈವ್ ರಾಕ್: ಸಮುದ್ರದ ತೊಟ್ಟಿಗೆ ಹಾಕುವ ತೂತು ತೂತು ಕಲ್ಲು. ಸಮುದ್ರದಿಂದ ತೆಗೆದದ್ದಾದರೆ ಸಾಮಾನ್ಯವಾಗಿ ಹವಳದ ದಿಬ್ಬದ ತುಂಡೇ ಆಗಿರುತ್ತದೆ.
* ಟೂರ್ ನೆನಪಿನ ಕಲ್ಲು: ಕರಾವಳಿ, ದ್ವೀಪಗಳಿಗೆ ಹೋದವರು ಎತ್ತಿಕೊಂಡು ಬರುವ ಬಿಳಿ ಕೊಂಬೆ. ಸತ್ತು ಒಣಗಿದ ಹವಳವನ್ನೂ ತರುವಂತಿಲ್ಲ.

ರೆಸಿನ್, ಪಿಂಗಾಣಿಯಲ್ಲಿ ಮಾಡಿದ ಕೃತಕ ಹವಳಕ್ಕೆ ಯಾವ ತೊಡಕೂ ಇಲ್ಲ. ತೊಟ್ಟಿಯ ಅಂದಕ್ಕೆ ಅದೇ ಸಾಕು.

ಹವಳ ಸಾಗಿಸುವುದು ಅಷ್ಟು ಕಷ್ಟವಾ?

ಹೌದು. ಮುಂಬೈ ಕರಾವಳಿ ರಸ್ತೆ ಕಾಮಗಾರಿಗೆ ಅಡ್ಡ ಬಂದ ವರ್ಲಿ, ಹಾಜಿ ಅಲಿ ಭಾಗದ 18 ಹವಳ ಗುಂಪುಗಳನ್ನು 2020ರಲ್ಲಿ ಬೇರೆ ಕಡೆಗೆ ಸ್ಥಳಾಂತರಿಸಬೇಕಾಯಿತು. ಸರ್ಕಾರಿ ಯೋಜನೆಯೇ ಆಗಿದ್ದರೂ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕಾಯಿತು. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಜ್ಞರು ಆ ಕೆಲಸ ಮಾಡಿದರು.

ಹವಳ ವ್ಯಾಪಾರಕ್ಕೆ ಪರವಾನಗಿ ಇರುವ ದೇಶಗಳಲ್ಲಿ, ಹವಳದ ತುಂಡನ್ನು ಥರ್ಮಾಕೋಲ್ ತುಂಡಿಗೆ ಕಟ್ಟಿ ಕವರ್‌ನ ನೀರಿನಲ್ಲಿ ತಲೆಕೆಳಗಾಗಿ ತೇಲಿಬಿಡುವ ಪದ್ಧತಿ ಇದೆ. ಅದರ ಮೆದು ಮೈ ಪ್ಲಾಸ್ಟಿಕ್‌ಗೆ ಉಜ್ಜಿದರೆ ಗಾಯವಾಗುತ್ತದೆ. ಗಾಯವಾದ ಕಡೆ ಲೋಳೆ ಬಿಡುತ್ತದೆ, ಆ ಲೋಳೆ ಕೊಳೆತು ಇಡೀ ಕವರ್‌ನ ನೀರೇ ಕೆಡುತ್ತದೆ. ಬಸ್ಸಿನ ಲಗೇಜ್ ಜಾಗದಲ್ಲಿ, ಬಿಸಿಲಲ್ಲಿ ಒಂದು ದಿನ ಕಳೆದ ಹವಳ ಬದುಕಿ ಬರುವುದು ದೂರದ ಮಾತು.

ಹಾಗಾದರೆ ಏನು ತರಬಹುದು?

ಗೋಲ್ಡ್‌ಫಿಶ್, ಗಪ್ಪಿ, ಮೋಲಿ, ಏಂಜಲ್, ಟೆಟ್ರಾ, ಫೈಟರ್ ತರಹದ, ಫಾರಂನಲ್ಲಿ ಬೆಳೆಸಿದ ಸಿಹಿನೀರಿನ ಮೀನುಗಳು ಮತ್ತು ನೀರಿನ ಗಿಡಗಳು. ಸಮುದ್ರದ ಮೀನೇ ಬೇಕು ಅನ್ನೋರು ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್‌ಫಿಶ್ ಹುಡುಕಬಹುದು. ಇದರ ಮರಿ ಉತ್ಪಾದನೆಯ ವಿಧಾನವನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದೆ. ಹವಳ ಇಲ್ಲದ ತೊಟ್ಟಿಯಲ್ಲೂ ಕ್ಲೌನ್‌ಫಿಶ್ ಚೆನ್ನಾಗಿ ಬದುಕುತ್ತದೆ.

ಜೀವಂತ ಮೀನು ತರುವ ಸರಿಯಾದ ಕ್ರಮ

ಈ ಭಾಗದ ರೈತರಿಗೆ ಇದು ಪೂರ್ತಿ ಹೊಸದಲ್ಲ. ಕೆರೆಗೆ, ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು, ಗೆಂಡೆ ಮರಿ ತರುವಾಗ ಆಕ್ಸಿಜನ್ ತುಂಬಿದ ಪಾಲಿಥಿನ್ ಕವರ್ ನೋಡಿಯೇ ಇರುತ್ತೀರಿ. ಅಕ್ವೇರಿಯಂ ಮೀನಿಗೂ ಅದೇ ಲೆಕ್ಕ.

1. ಹಿಂದಿನ ದಿನ ಆಹಾರ ಬೇಡ. ಹೊರಡುವ 24 ಗಂಟೆ ಮೊದಲೇ ಆಹಾರ ನಿಲ್ಲಿಸಲು ಅಂಗಡಿಯವರಿಗೆ ಹೇಳಿ. ಹೊಟ್ಟೆ ತುಂಬಿದ ಮೀನು ಕವರ್‌ನಲ್ಲೇ ಹಿಕ್ಕೆ ಹಾಕುತ್ತದೆ, ನೀರು ಕೆಡುತ್ತದೆ. ಒಂದು ದಿನದ ಉಪವಾಸದಿಂದ ಆರೋಗ್ಯವಾಗಿರುವ ದೊಡ್ಡ ಮೀನಿಗೆ ಏನೂ ಆಗಲ್ಲ.

2. ನೀರು ಒಂದು ಪಾಲು, ಗಾಳಿ ಎರಡು ಪಾಲು. ಕವರ್ ತುಂಬ ನೀರು ತುಂಬಿದರೆ ಮೀನಿಗೆ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಮೀನಿಗೆ ಬೇಕಾದ ಆಮ್ಲಜನಕ ನೀರಿನ ಮೇಲಿರುವ ಗಾಳಿಯಿಂದ ಬರಬೇಕು. ತರೀಕೆರೆ, ಕಡೂರಿನಿಂದ ಬರುವಷ್ಟು ದೂರಕ್ಕೆ ಸಾಮಾನ್ಯ ಗಾಳಿ ಸಾಕು. ಬೆಂಗಳೂರಿನಿಂದ ತರುವುದಾದರೆ ಆಕ್ಸಿಜನ್ ಹಾಕಿಸಿ.

3. ಎರಡು ಕವರ್, ಮೂಲೆ ಕಟ್ಟಿ. ಒಂದರೊಳಗೆ ಒಂದು ಕವರ್ ಹಾಕಿ. ಕೆಳಗಿನ ಎರಡೂ ಮೂಲೆಗೆ ರಬ್ಬರ್ ಬ್ಯಾಂಡ್ ಬಿಗಿಯಿರಿ. ಇಲ್ಲದಿದ್ದರೆ ಸಣ್ಣ ಮೀನು ಮೂಲೆಯಲ್ಲಿ ಸಿಕ್ಕಿ ಉಸಿರುಗಟ್ಟುತ್ತದೆ.

4. ಫೈಟರ್ ಬೇರೆ ಬೇರೆ. ಒಂದು ಕವರ್‌ಗೆ ಒಂದೇ ಫೈಟರ್. ಇದು ನೀರಿನ ಮೇಲೆ ಬಂದು ಗಾಳಿ ನುಂಗುವ ಮೀನು. ಸಾಮಾನ್ಯ ಗಾಳಿ ಸಾಕು. ಗೋಲ್ಡ್‌ಫಿಶ್ ಹೆಚ್ಚು ಹೊಲಸು ಮಾಡುವುದರಿಂದ ಒಂದು ಕವರ್‌ಗೆ ಕಡಿಮೆ ಹಾಕಿಸಿ.

5. ಥರ್ಮಾಕೋಲ್ ಡಬ್ಬಿ, ಕತ್ತಲು. ಕತ್ತಲಲ್ಲಿ ಮೀನು ಸುಮ್ಮನಿರುತ್ತದೆ, ಆಮ್ಲಜನಕ ಕಡಿಮೆ ಬಳಸುತ್ತದೆ. ಬೇಸಿಗೆಯಲ್ಲಿ ಪೇಪರ್ ಸುತ್ತಿದ ಐಸ್ ಪ್ಯಾಕನ್ನು ಡಬ್ಬಿಯ ಬದಿಗಿಡಿ. ಐಸ್ ನೇರವಾಗಿ ಕವರ್‌ಗೆ ತಾಗಬಾರದು, ನೀರಿಗಂತೂ ಹಾಕಲೇಬಾರದು. ಬೈಕಿನ ಹ್ಯಾಂಡಲ್‌ಗೆ ನೇತುಹಾಕುವುದು, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡುವುದು ಬೇಡ.

6. ಮಾರ್ಕೆಟ್ ಕೆಲಸ ಮುಗಿಸಿ ಕೊನೆಗೆ ಮೀನು. ಬೆಳಗ್ಗೆಯೇ ಮೀನು ಕಟ್ಟಿಸಿಕೊಂಡು ದಿನವಿಡೀ ತಿರುಗುವುದಕ್ಕಿಂತ, ಬಸ್ಸು ಅಥವಾ ರೈಲಿಗೆ ಹೊರಡುವ ಮುಂಚೆ ಪ್ಯಾಕ್ ಮಾಡಿಸಿ. ದಾರಿಯಲ್ಲಿ ಕವರ್ ಬಿಚ್ಚಿ ನೋಡಬೇಡಿ.

ನೀರಿನ ಗಿಡಗಳಿಗೆ ನೀರು ತುಂಬಬೇಕಿಲ್ಲ. ಒದ್ದೆ ಪೇಪರ್‌ನಲ್ಲಿ ಸುತ್ತಿ ಕವರ್‌ಗೆ ಹಾಕಿದರೆ ಒಂದು ದಿನ ಹಸಿರಾಗಿಯೇ ಇರುತ್ತವೆ.

ಮನೆಗೆ ಬಂದ ಮೇಲೆ ಆಗುವ ತಪ್ಪು

ದಾರಿಯುದ್ದಕ್ಕೂ ಬದುಕಿದ್ದ ಮೀನು ತೊಟ್ಟಿಗೆ ಬಿಟ್ಟ ದಿನವೇ ಸಾಯುವುದುಂಟು. ಕಾರಣ ಇದು: ಮುಚ್ಚಿದ ಕವರ್‌ನಲ್ಲಿ ಮೀನಿನಿಂದ ಅಮೋನಿಯ ಹೊರಬರುತ್ತದೆ, ಜೊತೆಗೆ ಉಸಿರಾಟದ ಇಂಗಾಲದ ಡೈಆಕ್ಸೈಡ್ ಕೂಡ ಸೇರುತ್ತದೆ. ಈ ಎರಡನೆಯದು ನೀರನ್ನು ಸ್ವಲ್ಪ ಹುಳಿಯಾಗಿಸುತ್ತದೆ. ಹುಳಿ ನೀರಿನಲ್ಲಿ ಅಮೋನಿಯದ ವಿಷ ಕಡಿಮೆ. ಕವರ್ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಹುಳಿ ಇಳಿಯುತ್ತದೆ, ಅಮೋನಿಯದ ವಿಷ ಒಮ್ಮೆಲೇ ಏರುತ್ತದೆ. ಆದ್ದರಿಂದ ದೂರದಿಂದ ಬಂದ ಕವರ್ ಬಿಚ್ಚಿಟ್ಟು ಗಂಟೆಗಟ್ಟಲೆ ಕಾಯಬಾರದು.

* ತೊಟ್ಟಿಯ ಲೈಟ್ ಆರಿಸಿ. ಕಟ್ಟಿದ ಕವರನ್ನು ಹಾಗೇ 15ರಿಂದ 20 ನಿಮಿಷ ನೀರಿನಲ್ಲಿ ತೇಲಿಬಿಡಿ. ಎರಡರ ಬಿಸಿ ಸಮ ಆಗಲಿ.
* ಕವರ್ ಬಿಚ್ಚಿ, ತೊಟ್ಟಿಯ ನೀರು ಸ್ವಲ್ಪ ಸೇರಿಸಿ, ತಡಮಾಡದೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ.
* ಕವರ್‌ನ ನೀರು ತೊಟ್ಟಿಗೆ ಬೇಡ. ಅದನ್ನು ಹೊರಗೆ ಚೆಲ್ಲಿ.
* ಅವತ್ತು ಆಹಾರ ಬೇಡ, ಮರುದಿನ ಸ್ವಲ್ಪ ಹಾಕಿ.

ತೊಟ್ಟಿಯ ನೀರೂ ಮೊದಲೇ ತಯಾರಿರಬೇಕು. ಬೋರ್‌ವೆಲ್ ನೀರು ನೆಲದಿಂದ ಬರುವಾಗ ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಒಂದು ದಿನ ಏರ್ ಪಂಪ್ ಹಾಕಿ ಇಟ್ಟು ಬಳಸಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಔಷಧ ಹಾಕಿ. ಹೊಸ ತೊಟ್ಟಿಯಲ್ಲಿ ಅಮೋನಿಯ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ತರುವುದೇ ಮೀನು ಸಾಯಲು ಮುಖ್ಯ ಕಾರಣ. ಕರೆಂಟ್ ಹೋದಾಗ ನೆರವಾಗುವ ಬ್ಯಾಟರಿ ಏರ್ ಪಂಪ್ ಒಂದಿದ್ದರೆ ರಾತ್ರಿ ಚಿಂತೆ ಇರಲ್ಲ.

ಸಮುದ್ರದ ತೊಟ್ಟಿ ಇಡುವವರಿಗೆ

ಇಲ್ಲಿ ಅಡುಗೆ ಉಪ್ಪು ನಡೆಯಲ್ಲ, ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪು ಬೇಕು. ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪಿನ ಮಟ್ಟ, 24ರಿಂದ 27 ಡಿಗ್ರಿ ಬಿಸಿ ಸದಾ ಉಳಿಯಬೇಕು. ನೀರು ಆವಿಯಾದಂತೆ ಉಪ್ಪು ಗಟ್ಟಿಯಾಗುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರು ಸೇರಿಸುತ್ತಿರಬೇಕು. ಇಷ್ಟು ನಿಗಾ ಕೊಡಲು ಆಗದಿದ್ದರೆ ಸಿಹಿನೀರಿನ ತೊಟ್ಟಿಯೇ ವಾಸಿ.

ಬೇಡವಾದ ಮೀನನ್ನು ಕೆರೆಗೆ ಬಿಡಬೇಡಿ

ತೊಟ್ಟಿಯ ಗಾಜು ನೆಕ್ಕುವ ಸಕ್ಕರ್ ಮೀನು ದೊಡ್ಡದಾದ ಮೇಲೆ "ಪಾಪ, ಬದುಕಿಕೊಳ್ಳಲಿ" ಎಂದು ಕೆರೆಗೆ ಬಿಡುವವರಿದ್ದಾರೆ. ಅದು ಕೆರೆಯಲ್ಲಿ ಬೆಳೆದು ಮರಿ ಮಾಡಿ ಊರಿನ ಮೀನುಗಳ ಆಹಾರ ಕಸಿಯುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ಊರ ಕೆರೆಗಾಗಲಿ, ಅಯ್ಯನಕೆರೆಗಾಗಲಿ, ಭದ್ರಾ ಹಿನ್ನೀರಿಗಾಗಲಿ ಅಕ್ವೇರಿಯಂ ಮೀನು ಬಿಡಬಾರದು. ಕೊಂಡ ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ಸಾಕುವವರಿಗೆ ಕೊಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ದೇಶದಲ್ಲೇ ನಿಷೇಧ. ಹೊಲದಲ್ಲಿ ಸಿಗುವ ನಕ್ಷತ್ರ ಆಮೆಯನ್ನು ತಂದು ತೊಟ್ಟಿ ಪಕ್ಕ ಇಡುವುದೂ ವನ್ಯಜೀವಿ ಅಪರಾಧವೇ.

ಅಂಗಡಿಯವರು ಗಮನಿಸಿ

* ತಂದ ಪ್ರತಿ ಮಾಲಿಗೂ ಜಾತಿಯ ಹೆಸರಿರುವ ಬಿಲ್ಲು ಇಟ್ಟುಕೊಳ್ಳಿ.
* "ಲೈವ್ ಕೋರಲ್", "ಸೀ ಫ್ಯಾನ್", "ಇಂದ್ರಜಾಲ", "ಸಮುದ್ರ ಕುದುರೆ" ಎಂದು ಬಂದ ಪಾರ್ಸೆಲ್ ಪಡೆಯಬೇಡಿ.
* ಗಿರಾಕಿ ಪರವಾಗಿ ಆನ್‌ಲೈನ್ ಆರ್ಡರ್ ಮಾಡಿಕೊಡುವ ಮೊಬೈಲ್ ಅಂಗಡಿಯವರೂ ಈ ಹೆಸರು ಕಂಡರೆ ಬೇಡ ಎನ್ನಿ. ಆರ್ಡರ್ ನಿಮ್ಮ ಹೆಸರಲ್ಲಿರುತ್ತದೆ.

ಯಾರನ್ನು ಕೇಳಬೇಕು?

ಮೀನು ಸಾಕಣೆ, ಮೀನುಮರಿ ಕುರಿತು ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಹವಳ, ಇಂದ್ರಜಾಲ ಮಾರಾಟ ಕಂಡರೆ ಅಥವಾ ಮನೆಯಲ್ಲಿರುವ ವಸ್ತುವಿನ ಬಗ್ಗೆ ಅನುಮಾನ ಇದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926.