ಆಕಾಶದ ಹೇನು: ಎಚ್‌.ಎಂ. 14 ಎಂಬ ನಂಬರಿನ ಹಿಂದೆ ಮುಂದೆ

ಹೇನು ಎಂದರೆ ನಮ್ಮಲ್ಲಿ ತಲೆ ಕೆರೆದುಕೊಳ್ಳುವ ವಿಷಯ. 1930ರ ದಶಕದ ಫ್ರಾನ್ಸಿನಲ್ಲಿ ಅದೇ ಹೆಸರು ಒಂದು ವಿಮಾನಕ್ಕಿತ್ತು. ಫ್ರೆಂಚ್ ಭಾಷೆಯಲ್ಲಿ 'ಪೂ ದ್ಯು ಸ್ಯೆಲ್', ಅಂದರೆ ಆಕಾಶದ ಹೇನು. ಒಬ್ಬರೇ ಕೂರುವ ಪುಟ್ಟ ವಿಮಾನ. ಬಡಗಿ ಕೆಲಸ ಸ್ವಲ್ಪ ಬಂದರೆ ಸಾಕು, ಮನೆಯಲ್ಲೇ ಕಟ್ಟಿಕೊಂಡು ಹಾರಬಹುದು ಎಂಬ ಮಾತು ಊರೂರಿಗೆ ಹಬ್ಬಿತು. ಎಷ್ಟೋ ಜನ ಮನೆ ಹಿಂದಿನ ಶೆಡ್ಡಿನಲ್ಲಿ ಕಟ್ಟಿದರು. ಕೆಲವರು ಅದರಲ್ಲೇ ಪ್ರಾಣ ಬಿಟ್ಟರು.

ಹೇನು ಅನ್ನುವುದು ಅಡ್ಡಹೆಸರು. ನಕ್ಷೆಯ ಮೇಲಿದ್ದ ಹೆಸರು ಎಚ್‌.ಎಂ. 14. ಈ 14 ಎಲ್ಲಿಂದ ಬಂತು? ಅದಕ್ಕಿಂತ ಮುಂಚೆ ಏನೇನಿತ್ತು? ಆಮೇಲೆ ಎಷ್ಟು ನಂಬರು ಬಂದವು? ಈ ಬರಹದಲ್ಲಿ ನಾವು ನಂಬರುಗಳ ಬಾಲ ಹಿಡಿದು ಹೋಗೋಣ. ಒಬ್ಬ ಮನುಷ್ಯನ ಐವತ್ತು ವರ್ಷದ ಪ್ರಯತ್ನ ಅದರಲ್ಲಿದೆ. ಜನರ ಕೈಗೆ ವಿದ್ಯೆ ಕೊಟ್ಟರೆ ಸಾಲದು, ಆ ವಿದ್ಯೆಯ ತಿದ್ದುಪಡಿಯನ್ನೂ ಅವರ ಕೈಗೆ ಮುಟ್ಟಿಸಬೇಕು ಎಂಬ ಪಾಠವೂ ಅದರಲ್ಲೇ ಇದೆ.

ಎರಡು ಅಕ್ಷರ, ಒಂದು ಲೆಕ್ಕ

ಭತ್ತದ ಬೀಜದ ಚೀಲದ ಮೇಲೆ ಐ.ಆರ್. 64 ಎಂದು ಓದಿರುತ್ತೀರಿ. ಅಕ್ಷರ ನೋಡಿದರೆ ತಳಿ ಯಾರ ಮನೆಯದು ಎಂದು ಗೊತ್ತಾಗುತ್ತದೆ, ನಂಬರು ನೋಡಿದರೆ ಅವರದರಲ್ಲಿ ಯಾವುದು ಎಂದು ತಿಳಿಯುತ್ತದೆ. ವಿಮಾನದ ಹೆಸರೂ ಬಹುಪಾಲು ಹೀಗೆಯೇ. ಎಚ್‌.ಎಂ. ಎಂದರೆ ಆನ್ರಿ ಮಿನ್ಯೆ. ಬರೆಯುವಾಗ ಮೊದಲಿಗೆ 'ಎಚ್' ಅಕ್ಷರ ಇರುತ್ತದೆ, ಆದರೆ ಫ್ರೆಂಚರ ಬಾಯಲ್ಲಿ ಅದು ಕೇಳಿಸುವುದಿಲ್ಲ. ಹಾಗಾಗಿ ಹೆನ್ರಿ ಅಲ್ಲಿ ಆನ್ರಿ ಆಗುತ್ತದೆ.

ಮಿನ್ಯೆ ಹುಟ್ಟಿದ್ದು 1893ರಲ್ಲಿ, ಫ್ರಾನ್ಸಿನ ಪಶ್ಚಿಮ ಭಾಗದ ಸ್ಯಾಂತ್ ಎಂಬ ಊರಿನಲ್ಲಿ. ವಿಮಾನದ ಎಂಜಿನಿಯರಿಂಗ್ ಓದಿದವನಲ್ಲ, ರೇಡಿಯೊ ಕೆಲಸದವನು. ಹುಡುಗನಾಗಿದ್ದಾಗಲೇ ಹಾರುವ ಹುಚ್ಚು ಹತ್ತಿತ್ತು. ಗ್ಲೈಡರಿನಲ್ಲಿ ಹಾರಿ ಹೆಸರಾದ ಜರ್ಮನಿಯ ಓಟೊ ಲಿಲಿಯೆಂಥಾಲ್ ಅಷ್ಟರಲ್ಲಿ ತೀರಿಹೋಗಿದ್ದ. ಅವನ ತಮ್ಮ ಗುಸ್ಟಾವ್ ಜೊತೆ ಮಿನ್ಯೆ ಪತ್ರ ವ್ಯವಹಾರ ನಡೆಸಿದ. ಮೊದಲ ಮಹಾಯುದ್ಧಕ್ಕೂ ಮುಂಚೆ ತಾನೇ ಒಂದು ಗ್ಲೈಡರ್ ಕಟ್ಟಿದ. ಲೆಕ್ಕ ಶುರುವಾಗುವುದು ಅಲ್ಲಿಂದ, ಎಚ್‌.ಎಂ. 1.

ಒಂದರಿಂದ ಎಂಟು

ಯುದ್ಧ ಮುಗಿದ ಮೇಲೆ, 1920ರಿಂದೀಚೆಗೆ ಒಂದಾದ ಮೇಲೊಂದು ನಂಬರು ಬಂದವು. ಮೂರನೆಯದಕ್ಕೆ 'ದ್ರೊಮದೇರ್' ಎಂದು ಹೆಸರಿಟ್ಟ, ಅಂದರೆ ಒಂಟಿ ಡುಬ್ಬದ ಒಂಟೆ. ತನ್ನ ಕೆಲಸವನ್ನು ತಾನೇ ತಮಾಷೆ ಮಾಡಿಕೊಳ್ಳುವ ಸ್ವಭಾವ ಆಗಿನಿಂದಲೇ ಇತ್ತು. ಈ ಮೊದಲ ನಂಬರುಗಳಲ್ಲಿ ಯಾವುದೂ ದೊಡ್ಡ ಹೆಸರು ಮಾಡಲಿಲ್ಲ. ಆದರೂ ಮಿನ್ಯೆ ಅವುಗಳನ್ನು ಲೆಕ್ಕದಿಂದ ಕೈಬಿಡಲಿಲ್ಲ. ಗೆದ್ದದ್ದಕ್ಕೆ ಮಾತ್ರ ನಂಬರು ಕೊಟ್ಟಿದ್ದರೆ ಹೇನಿನ ನಂಬರು 14 ಆಗುತ್ತಲೇ ಇರಲಿಲ್ಲ.

ಕೆಲಸ ಕೈಗೂಡಿದ್ದು ಎಂಟನೆಯದರಲ್ಲಿ, 1928ರ ಸುಮಾರಿಗೆ. ಎಚ್‌.ಎಂ. 8 ನೋಡಲು ಎಲ್ಲ ವಿಮಾನದ ಹಾಗೆಯೇ ಇತ್ತು: ಮೇಲೆ ಒಂದು ರೆಕ್ಕೆ, ಕೆಳಗೆ ಮರದ ಒಡಲು, ಹಿಂದೆ ಬಾಲ. ಮಿನ್ಯೆ ಅದನ್ನು ಕಟ್ಟಿ ಸುಮ್ಮನಾಗಲಿಲ್ಲ. 'ಲೆ ಜೆಲ್' ಎಂಬ ಫ್ರೆಂಚ್ ವಿಮಾನಯಾನ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. ಸಾಮಾನ್ಯ ಜನ ತಮ್ಮ ಕೈಯಿಂದಲೇ ವಿಮಾನ ಮಾಡಿಕೊಳ್ಳಬಹುದು ಎಂದು ವಾದಿಸಿದ. ಓದಿದವರು ನಕ್ಷೆ ಹಿಡಿದು ಕಟ್ಟತೊಡಗಿದರು. ವಿಮಾನವೆಂದರೆ ಸೈನ್ಯದವರಿಗೆ, ಶ್ರೀಮಂತರಿಗೆ ಎಂದಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಎಂಟರಿಂದ ಹದಿನಾಲ್ಕು

ಎಂಟು ಗೆದ್ದಿತು. ಹಾಗಿದ್ದರೆ ಒಂಬತ್ತು ಯಾಕೆ ಬೇಕಿತ್ತು? ಕಾರಣ ಮಿನ್ಯೆಯ ಕೈಕಾಲಿನಲ್ಲೇ ಇತ್ತು. ಮಾಮೂಲಿ ವಿಮಾನ ಓಡಿಸಲು ಕೈಯಲ್ಲಿ ಒಂದು ಕೋಲು, ಕಾಲಲ್ಲಿ ಪೆಡಲು ಬೇಕು. ಕೋಲು ಎಳೆದರೆ ಮೂತಿ ಮೇಲೆ ಕೆಳಗೆ ಆಗುತ್ತದೆ. ಪಕ್ಕಕ್ಕೆ ವಾಲಿಸಿದರೆ ರೆಕ್ಕೆಯ ತುದಿಯ ಪಟ್ಟಿಗಳು ಆಡಿ ವಿಮಾನ ವಾಲುತ್ತದೆ. ಹಿಂದಿನ ಚುಕ್ಕಾಣಿ ತಿರುಗುವುದು ಪೆಡಲಿನಿಂದ. ಕೈ ಮತ್ತು ಕಾಲನ್ನು ಒಂದೇ ಹದದಲ್ಲಿ ಆಡಿಸುವುದು ತನ್ನಿಂದ ಆಗದು ಎಂದು ಮಿನ್ಯೆ ತೀರ್ಮಾನಿಸಿದ. ತನಗೆ ಆಗದ್ದು ತನ್ನಂಥ ಬಹಳ ಜನಕ್ಕೂ ಆಗದು, ಆದ್ದರಿಂದ ವಿಮಾನವನ್ನೇ ಸುಲಭ ಮಾಡಬೇಕು ಎಂಬುದು ಆತನ ವಿಚಾರ.

ಒಂಬತ್ತರಿಂದ ಹದಿಮೂರರ ತನಕದ ನಂಬರುಗಳು ಹೊಸದಾರಿ ಹುಡುಕಿದ ವರ್ಷಗಳವು. ಕೊನೆಗೆ 1933ರ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನ ಈಶಾನ್ಯಕ್ಕಿರುವ ಸ್ವಾಸೋಂ ಊರಿನ ಹತ್ತಿರ ಎಚ್‌.ಎಂ. 14 ನೆಲ ಬಿಟ್ಟಿತು.

ಇದರಲ್ಲಿ ಪೆಡಲಿಲ್ಲ, ರೆಕ್ಕೆಯ ತುದಿಯ ಪಟ್ಟಿಗಳೂ ಇಲ್ಲ. ಮುಂದೆ ಮೇಲ್ಗಡೆ ಒಂದು ರೆಕ್ಕೆ, ಅದರ ಬೆನ್ನಿಗೇ ಹಿಂದೆ ತುಸು ಕೆಳಗೆ ಇನ್ನೊಂದು. ಮುಂದಿನ ರೆಕ್ಕೆ ಬಾಗಿಲಿನಂತೆ ಕೀಲಿನ ಮೇಲೆ ಆಡುತ್ತದೆ. ಕೋಲು ಎಳೆದರೆ ಆ ರೆಕ್ಕೆಯೇ ಓರೆಯಾಗಿ ಮೂತಿ ಏಳುತ್ತದೆ. ಕೋಲನ್ನು ಪಕ್ಕಕ್ಕೆ ತಳ್ಳಿದರೆ ಹಿಂದಿನ ಚುಕ್ಕಾಣಿ ತಿರುಗುತ್ತದೆ. ಎಲ್ಲವೂ ಒಂದೇ ಕೈಯಲ್ಲಿ.

ಮುಂದಿನ ರೆಕ್ಕೆಯ ಉದ್ದ ಸುಮಾರು 6 ಮೀಟರ್, ಮೂತಿಯಿಂದ ಬಾಲಕ್ಕೆ ಸುಮಾರು 3.5 ಮೀಟರ್. ನಮ್ಮ ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿದರೆ ಅದೇ ಇದಕ್ಕಿಂತ ಉದ್ದ. ಎಂಜಿನ್ 17 ಅಶ್ವಶಕ್ತಿಯ ಓಬ್ಯೆ ದ್ಯೂನ್, ಹೆಚ್ಚುಕಡಿಮೆ ಇವತ್ತಿನ ಬೈಕಿನ ಎಂಜಿನ್ನಿನಷ್ಟು ಬಲ. ಉಳಿದದ್ದು ಮರ, ಪ್ಲೈವುಡ್, ಅಂಟು, ಬಟ್ಟೆ.

ಹೇನು ಅನ್ನುವ ಹೆಸರಿಗೂ ಕಾರಣವಿದೆ. ಅಗ್ಗದ ಫೋರ್ಡ್ ಟಿ ಕಾರನ್ನು ಫ್ರೆಂಚರು 'ರಸ್ತೆಯ ಹೇನು' ಎನ್ನುತ್ತಿದ್ದರು. ಎಲ್ಲೆಲ್ಲೂ ಅದೇ ಹರಿದಾಡುತ್ತಿತ್ತಲ್ಲ! ತನ್ನದು ಆಕಾಶದಲ್ಲಿ ಹಾಗೆ ಹರಿದಾಡಲಿ ಎಂಬುದು ಮಿನ್ಯೆಯ ಆಸೆ. ಇಂಗ್ಲಿಷರ ಬಾಯಲ್ಲಿ ಹೇನು ಹೋಗಿ ಚಿಗಟವಾಯಿತು: ಫ್ಲೈಯಿಂಗ್ ಫ್ಲೀ.

ಪುಸ್ತಕ ಹಾರಿದ ವೇಗ

1934ರಲ್ಲಿ ಮಿನ್ಯೆಯ 'ಲೆ ಸ್ಪೋರ್ ದ ಲೇರ್' ಪುಸ್ತಕ ಬಂತು. ಮರ ಕೊಯ್ಯುವುದರಿಂದ ಹಿಡಿದು ಮೊದಲ ಸಲ ನೆಲ ಬಿಡುವ ತನಕ ಎಲ್ಲ ಅದರಲ್ಲಿತ್ತು. ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂಬ ಧೈರ್ಯದ ಧಾಟಿ. 1935ರಲ್ಲಿ ಇಂಗ್ಲಿಷಿಗೆ ಬಂದಾಗ ಸಾವಿರಾರು ಪ್ರತಿ ಮಾರಾಟವಾದವು. ಆ ವರ್ಷದ ಜುಲೈನಲ್ಲಿ ಬ್ರಿಟನ್ನಿನ ಸ್ಟೀಫನ್ ಆ್ಯಪಲ್‌ಬಿ ತನ್ನ ಎಚ್‌.ಎಂ. 14ನ್ನು ಹಾರಿಸಿದ. ಆಗಸ್ಟಿನಲ್ಲಿ ಮಿನ್ಯೆ ತಾನೇ ತನ್ನ ವಿಮಾನದಲ್ಲಿ ಫ್ರಾನ್ಸಿನಿಂದ ಇಂಗ್ಲಿಷ್ ಕಾಲುವೆ ದಾಟಿ ಬಂದ. ವರ್ಷ ಮುಗಿಯುವುದರೊಳಗೆ ಅಮೆರಿಕದಲ್ಲೂ ಒಂದು ತಯಾರಾಯಿತು. ಅದನ್ನು ಕಟ್ಟಿಸಿದವನು ರೇಡಿಯೊ ತಯಾರಕ ಪವೆಲ್ ಕ್ರಾಸ್ಲಿ.

ನಂಬರಿಗೆ ಕಷ್ಟ ಶುರುವಾಗಿದ್ದೂ ಇಲ್ಲೇ. ಪುಸ್ತಕದಲ್ಲಿದ್ದದ್ದು ಒಂದು ಎಚ್‌.ಎಂ. 14. ಶೆಡ್ಡುಗಳಲ್ಲಿ ಹುಟ್ಟಿದ್ದು ನೂರು ಬಗೆಯ ಎಚ್‌.ಎಂ. 14. ಒಬ್ಬನದರಲ್ಲಿ ಫ್ರೆಂಚ್ ಎಂಜಿನ್, ಇನ್ನೊಬ್ಬನದರಲ್ಲಿ ಫೋರ್ಡ್ ಕಾರಿನ ಎಂಜಿನ್ ಬದಲಾಯಿಸಿ ಮಾಡಿದ ಕಾರ್ಡನ್ ಫೋರ್ಡ್, ಮತ್ತೊಬ್ಬನದರಲ್ಲಿ ಸ್ಕಾಟ್. ಎಂಜಿನ್ನಿನ ತೂಕ ಬದಲಾದರೆ ವಿಮಾನದ ತೂಕದ ಮಧ್ಯಬಿಂದು ಸರಿಯುತ್ತದೆ. ಎತ್ತಿನ ಗಾಡಿಗೆ ಹೇರು ಮುಂದೆ ಹೆಚ್ಚಾದರೆ ನೊಗ ಎತ್ತಿನ ಕತ್ತಿಗೆ ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಗಾಡಿಯಾದರೆ ನಿಲ್ಲಿಸಿ ಹೇರು ಸರಿಸಬಹುದು, ಹಾರುತ್ತಿರುವ ವಿಮಾನದಲ್ಲಿ ಅದು ಆಗದು. ಕಾಗದದ ಮೇಲೆ ಮಾತ್ರ ಎಲ್ಲದಕ್ಕೂ ಅದೇ ನಂಬರು, 14.

ಕೋಲು ಎಳೆದರೂ ಏಳದ ಮೂತಿ

ಸಾವುಗಳು ಶುರುವಾದವು. 1936ರಲ್ಲಿ ಬ್ರಿಟನ್ನಿನಲ್ಲಿ ಅನುಭವಿ ಪೈಲಟ್‌ಗಳೂ ಸತ್ತರು. ಕೈ ಪಳಗದವರು ಸತ್ತರೆ ಕಲಿಕೆಯ ತಪ್ಪು ಎನ್ನಬಹುದಿತ್ತು. ಪಳಗಿದವರೇ ಸತ್ತಾಗ ಯಂತ್ರದ ಕಡೆ ನೋಡಲೇಬೇಕಾಯಿತು. ಬ್ರಿಟನ್ನಿನ ಫಾರ್ನ್‌ಬರೋ ಮತ್ತು ಫ್ರಾನ್ಸಿನ ಶಾಲೆ ಮ್ಯೂದೋಂ ಎಂಬಲ್ಲಿ ದೊಡ್ಡ ಗಾಳಿ ಸುರಂಗಗಳಿದ್ದವು. ಪೂರ್ತಿ ಗಾತ್ರದ ವಿಮಾನವನ್ನೇ ಒಳಗೆ ನಿಲ್ಲಿಸಿ ಗಾಳಿ ಹಾಯಿಸಿ ನೋಡಿದರು.

ಕಂಡದ್ದು ಇದು. ಮುಂದಿನ ರೆಕ್ಕೆಯ ಹಿಂಬದಿ ಅಂಚು, ಹಿಂದಿನ ರೆಕ್ಕೆಯ ಮುಂಬದಿ ಅಂಚಿಗೆ ತೀರಾ ಹತ್ತಿರವಿತ್ತು. ಮೂತಿ ಕೆಳಗಾಗಿ ವಿಮಾನ ಇಳಿಯುತ್ತಿದೆ ಎಂದುಕೊಳ್ಳಿ. ಪೈಲಟ್ ಕೋಲು ಎಳೆಯುತ್ತಾನೆ. ಮುಂದಿನ ರೆಕ್ಕೆ ಓರೆಯಾಗುತ್ತದೆ, ಅದರ ಹಿಂಬದಿ ಅಂಚು ಕೆಳಗಿಳಿಯುತ್ತದೆ, ಎರಡು ರೆಕ್ಕೆಯ ನಡುವಿನ ಸಂದಿ ಕಿರಿದಾಗುತ್ತದೆ. ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಹೇಗೆ ರಭಸದಿಂದ ಚಿಮ್ಮುತ್ತದೋ ಹಾಗೆ ಆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಅದು ಹಿಂದಿನ ರೆಕ್ಕೆಯ ಮೇಲೆ ಹರಿದು ಹಿಂಭಾಗವನ್ನು ಮೇಲೆತ್ತುತ್ತದೆ. ಹಿಂದೆ ಎದ್ದರೆ ಮೂತಿ ಇನ್ನೂ ಕೆಳಗೆ. ಎಷ್ಟು ಎಳೆದರೂ ಮೂತಿ ಏಳದು. ಮೂತಿ ಸುಮಾರು 15 ಡಿಗ್ರಿ ಕೆಳಗಾದರೆ ಸಾಕು, ವಿಮಾನ ಪೈಲಟ್ ಕೈಗೆ ಸಿಗುತ್ತಿರಲಿಲ್ಲ. ನೆಲ ಹತ್ತಿರವಿದ್ದರೆ ಮುಗಿಯಿತು.

ಬ್ರಿಟನ್ನಿನ ವಾಯುಯಾನ ಇಲಾಖೆ ಹಾರಾಟದ ಅನುಮತಿ ಪತ್ರ ಕೊಡುವುದನ್ನು ನಿಲ್ಲಿಸಿತು. ಅರ್ಧ ಕಟ್ಟಿದ ವಿಮಾನಗಳು ಶೆಡ್ಡಿನಲ್ಲೇ ಉಳಿದವು.

14ರ ನಂತರ

ಮಿನ್ಯೆ ಕೈಕಟ್ಟಿ ಕೂರಲಿಲ್ಲ. ರೆಕ್ಕೆಗಳ ನಡುವಿನ ಜಾಗ, ಹಿಂದಿನ ರೆಕ್ಕೆಯ ಆಕಾರ, ತೂಕದ ಮಧ್ಯಬಿಂದು, ಎಲ್ಲವನ್ನೂ ತಿದ್ದಿದ. ನಂಬರೂ ಮುಂದೆ ಹೋಯಿತು. ಎಚ್‌.ಎಂ. 16 ಇನ್ನೂ ಪುಟ್ಟದು, 'ಬೇಬಿ ಪೂ'. ಎಚ್‌.ಎಂ. 18ಕ್ಕೆ ಮುಚ್ಚಿದ ಕ್ಯಾಬಿನ್ ಬಂತು. ಎಚ್‌.ಎಂ. 19ರಲ್ಲಿ ಇಬ್ಬರು ಪಕ್ಕಪಕ್ಕ ಕೂರಬಹುದಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಎರಡಂಕಿ ಹೋಗಿ ಮೂರಂಕಿ ಬಂತು. ಎಚ್‌.ಎಂ. 280 'ಪೂ ಮಾಕಿ', ಜರ್ಮನರ ವಿರುದ್ಧ ಕಾಡಿನಲ್ಲಿ ಅಡಗಿ ಹೋರಾಡುತ್ತಿದ್ದ ಮಾಕಿ ಪಡೆಯವರ ಹೆಸರಿನಲ್ಲಿ ಬಂದದ್ದು. ಅದರ ರೆಕ್ಕೆಗಳನ್ನು ಮಡಚಬಹುದಿತ್ತು. ಯುದ್ಧ ಮುಗಿದ ಮೇಲೆ ಎಚ್‌.ಎಂ. 290, ಅದರ ಬೆನ್ನಿಗೆ 293. ಇವು ಮತ್ತೆ ಸಾಮಾನ್ಯ ಜನ ಕಟ್ಟಿಕೊಳ್ಳಲೆಂದು ಮಾಡಿದ ಒಂಟಿ ಸೀಟಿನವು. ಮಿನ್ಯೆ ಅರ್ಜೆಂಟೀನಾ, ಜಪಾನ್, ಮೊರೊಕ್ಕೊ ಸುತ್ತಿದ, ಹೋದಲ್ಲೆಲ್ಲ ವಿಮಾನದ ಕೆಲಸ ಬಿಡಲಿಲ್ಲ. ಅರ್ಜೆಂಟೀನಾದಲ್ಲಿ ಎಚ್‌.ಎಂ. 310 ಬಂತು. ಆಮೇಲೆ 360, 380. ಲೆಕ್ಕ ನಿಂತದ್ದು 1965ರಲ್ಲಿ, ಆತ ತೀರಿಕೊಂಡಾಗ. ಅದೂ ಪೂರ್ತಿ ನಿಲ್ಲಲಿಲ್ಲ. ಕುಟುಂಬದವರ ಕಂಪನಿ ಮುಂದೆ ಎಚ್‌.ಎಂ. 1000 ಎಂಬ ವಿಮಾನ ತಂದಿತು. ಎಮಿಲಿಯೆನ್ ಕ್ರೊಸೆಸ್ ಎಂಬ ಇನ್ನೊಬ್ಬ ಫ್ರೆಂಚ್ ತಯಾರಕ ಅದೇ ಎರಡು ರೆಕ್ಕೆಯ ದಾರಿಯಲ್ಲಿ ನಡೆದ. ಆದರೆ ಅವನ ವಿಮಾನಗಳ ಮೇಲೆ ಇ.ಸಿ. ಎಂದು ಅವನದೇ ಅಕ್ಷರ.

ನಂಬರು ಓದುವಾಗ

ಈ ಸಾಲನ್ನು ಮೊದಲಿಂದ ಕೊನೆವರೆಗೆ ನೋಡಿದರೆ ಒಂದು ವಿಷಯ ನಮಗೆ ಎದ್ದು ಕಾಣುತ್ತದೆ. ಮಿನ್ಯೆಗೆ 14 ದಾರಿಯ ನಡುವಿನ ಒಂದು ಮೈಲಿಗಲ್ಲು. ಹಿಂದೆ ಹದಿಮೂರು ದಾಟಿದ್ದ, ಮುಂದೆ ಹೋಗುವುದೂ ಇತ್ತು. ಪುಸ್ತಕ ಕೊಂಡವರಿಗೆ ಮಾತ್ರ ಅದೇ ಊರು, ಅದೇ ಕೊನೆ. 1934ರಲ್ಲಿ ಅಚ್ಚಾದ ನಕ್ಷೆಯನ್ನು ನಂಬಿ ಕಟ್ಟಿದವನಿಗೆ 1936ರ ಗಾಳಿ ಸುರಂಗದ ವರದಿ ಕೈಗೆ ಸಿಕ್ಕುವಷ್ಟರಲ್ಲಿ ವಿಮಾನ ಹಾರಿಯಾಗಿತ್ತು. ಪುಸ್ತಕ ಹರಡಿದ ವೇಗದಲ್ಲಿ ತಿದ್ದುಪಡಿ ಹರಡಲಿಲ್ಲ. ನಂಬರು ಬದಲಾಗದೆ ಉಳಿದದ್ದರಿಂದ ಹಳೆಯ 14 ಯಾವುದು, ತಿದ್ದಿದ 14 ಯಾವುದು ಎಂದು ಹೆಸರಿನಿಂದ ತಿಳಿಯುವಂತಿರಲಿಲ್ಲ.

ಹಾಗೆಂದು ಮಿನ್ಯೆಯ ಆಸೆಯೇ ತಪ್ಪು ಎನ್ನಲು ನಮಗೆ ಮನಸ್ಸಿಲ್ಲ. ಸೈನ್ಯ, ಕಾರ್ಖಾನೆ, ದುಡ್ಡು ಯಾವುದೂ ಇಲ್ಲದವರಿಗೆ ಆಕಾಶದ ಬಾಗಿಲು ತೆರೆದವರಲ್ಲಿ ಆತನೂ ಒಬ್ಬ. ಯುದ್ಧದ ನಂತರ ಮನೆಯಲ್ಲಿ ವಿಮಾನ ಕಟ್ಟುವ ಫ್ರೆಂಚರು ಒಂದು ಸಂಘ ಮಾಡಿಕೊಂಡರು. ಅದಕ್ಕೆ ಆತನ ಪುಸ್ತಕದ ಹೆಸರನ್ನೇ ಇಟ್ಟರು: ರೆಜೋ ದ್ಯು ಸ್ಪೋರ್ ದ ಲೇರ್. ಒಬ್ಬೊಬ್ಬರೇ ಶೆಡ್ಡಿನಲ್ಲಿ ಕೂತು ಕಟ್ಟುವ ಬದಲು ಒಬ್ಬರ ಅನುಭವ ಇನ್ನೊಬ್ಬರಿಗೆ ದಾಟಲು ಇಂಥ ಸಂಘ ಬೇಕು. 1935ರಲ್ಲಿ ಪುಸ್ತಕ ಹಿಡಿದು ಹೊರಟವರಿಗೆ ಕಡಿಮೆಯಾಗಿದ್ದದ್ದು ಅದೇ.

ಎಚ್‌.ಎಂ. 14 ಇವತ್ತಿಗೂ ಹಲವು ವಸ್ತುಸಂಗ್ರಹಾಲಯಗಳಲ್ಲಿದೆ. ಕ್ರಾಸ್ಲಿ ಕಟ್ಟಿಸಿದ್ದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಬಳಿ ಇದೆ. ಫೋನಿನಲ್ಲಿ ಅದರ ಚಿತ್ರ ಸಿಕ್ಕರೆ ಹೆಸರಿನ ಫಲಕ ಓದಿ ಮುಂದೆ ಹೋಗಬೇಡಿ. ಮುಂದಿನ ರೆಕ್ಕೆಯ ಹಿಂಬದಿ ಅಂಚು, ಹಿಂದಿನ ರೆಕ್ಕೆಯ ಮುಂಬದಿ ಅಂಚು, ಇವೆರಡರ ನಡುವೆ ಎಷ್ಟು ಜಾಗವಿದೆ ನೋಡಿ. ಆ ಜನರ ಜೀವ ಹೋದದ್ದು ಆ ಸಂದಿಯಲ್ಲಿ.