ಗಾಲ್ಟನ್ನನ ಎತ್ತು, ಹ್ಯಾಮಿಲ್ಟನ್ನನ ಕಪ್ಪೆ

ಬಂಡೀಪುರದ ಹುಲ್ಲುಗಾವಲಿನಲ್ಲಿ ಮೇಯುವ ಚುಕ್ಕೆ ಜಿಂಕೆಗಳ ಹಿಂಡನ್ನು ನೀವು ನಮ್ಮ ಕಾರ್ಯಕ್ರಮದ ಆರಂಭದಲ್ಲಿ ನೋಡಿರುತ್ತೀರಿ. ಪರದೆಯ ಮೇಲೆ ಅದು ಅರ್ಧ ನಿಮಿಷವೂ ಇಲ್ಲ. ಆದರೆ ಸಂಕಲನದ ಕೋಣೆಯಲ್ಲಿ ಅದನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದೆವೋ ಲೆಕ್ಕವಿಲ್ಲ. ಹಾಗೆ ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲ ಜಿಂಕೆಗಳೂ ಒಟ್ಟಿಗೆ ತಲೆ ತಗ್ಗಿಸಿದ ಕ್ಷಣವೇ ಆ ಚಿತ್ರದಲ್ಲಿಲ್ಲ. ಒಂದು ತಗ್ಗಿಸಿದರೆ ಇನ್ನೊಂದು ಎತ್ತಿರುತ್ತದೆ. ಯಾರೂ ಪಾಳಿ ಹಾಕಿಕೊಟ್ಟಿಲ್ಲ, ಯಜಮಾನನಿಲ್ಲ.

ಪ್ರಾಣಿಗಳು ಹೀಗೆ ಗುಂಪು ಕಟ್ಟುವುದೇಕೆ ಎಂಬ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಅದರ ಮುಖ್ಯ ಅಧ್ಯಾಯವೊಂದು ಆಫ್ರಿಕದ ದನಗಳಿಂದ ಶುರುವಾಗುತ್ತದೆ.

ಡಾರ್ವಿನ್ನನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ 1850ರಲ್ಲಿ ನೈಋತ್ಯ ಆಫ್ರಿಕಕ್ಕೆ, ಎಂದರೆ ಇಂದಿನ ನಮೀಬಿಯಕ್ಕೆ, ಪ್ರಯಾಣ ಹೊರಟ. ಅವನ ಗಾಡಿ ಎಳೆದದ್ದು ಡಮಾರಾ ಸೀಮೆಯ ಎತ್ತುಗಳು. ಅವನು ಸವಾರಿ ಮಾಡಿದ್ದೂ ಎತ್ತಿನ ಮೇಲೆಯೇ. ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಆ ಎತ್ತುಗಳಿಗೆ ಜೊತೆಯವುಗಳ ಮೇಲೆ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲ. ಆದರೂ ಒಂದನ್ನು ಹಿಂಡಿನಿಂದ ಬೇರ್ಪಡಿಸಿದರೆ ಅದು ಹುಚ್ಚು ಹಿಡಿದಂತೆ ಒದ್ದಾಡುತ್ತಿತ್ತು. ಬಿಟ್ಟ ಕೂಡಲೇ ಓಡಿಹೋಗಿ ಹಿಂಡಿನ ನಡುವೆ ನುಗ್ಗುತ್ತಿತ್ತು. ಅಂಚಿನಲ್ಲಲ್ಲ, ನಡುವೆ! ನೊಗದ ಮುಂದೆ ಕಟ್ಟಲು ಧೈರ್ಯವುಳ್ಳ ಎತ್ತು ಸಿಗುವುದೇ ಕಷ್ಟವಾಗಿತ್ತು. ಒಂಟಿಯಾಗಿ ಮೇಯುವ ದನ ಸಿಂಹದ ಪಾಲಾಗುತ್ತದೆ, ಗುಂಪಿನ ಮೋಹವುಳ್ಳದ್ದು ಉಳಿದು ಕರು ಹಾಕುತ್ತದೆ ಎಂದು ಗಾಲ್ಟನ್ ತರ್ಕಿಸಿದ. ಹಿಂಡಿನಲ್ಲಿರುವ ಪ್ರಾಣಿಗೆ ಸುತ್ತಲೂ ಕಣ್ಣು, ಕಿವಿ, ಮೂಗು ಇದ್ದಂತೆ ಎಂಬುದನ್ನೂ ಅವನು ಕಂಡುಕೊಂಡ. 1871ರಲ್ಲಿ ಇದನ್ನೆಲ್ಲ ಲೇಖನವಾಗಿ ಪ್ರಕಟಿಸಿದ. (ನಮ್ಮ ಗೋವಿನ ಹಾಡಿನಲ್ಲಿಯೂ ಹುಲಿ ಅಡ್ಡಗಟ್ಟಿದ್ದು ಹಿಂಡೆಲ್ಲ ಚದುರಿದ ಮೇಲೆ ಒಂಟಿಯಾಗಿ ಬಂದ ಪುಣ್ಯಕೋಟಿಯನ್ನೇ.)

ಅಲ್ಲಿಗೇ ನಿಲ್ಲಿಸಿದ್ದರೆ ಗಾಲ್ಟನ್ ಬರೀ ಒಳ್ಳೆಯ ವೀಕ್ಷಕನಾಗಿ ಉಳಿಯುತ್ತಿದ್ದ. ಆದರೆ ಅದೇ ಲೇಖನದಲ್ಲಿ ಅವನು ಎತ್ತಿನಿಂದ ಮನುಷ್ಯನಿಗೆ ಹಾರಿದ. ಬಹುಪಾಲು ಜನರಲ್ಲಿ ಕಾಣುವ ಗುಲಾಮ ಬುದ್ಧಿಯೂ ಹುಟ್ಟಿನಿಂದಲೇ ಬಂದದ್ದು, ಅದನ್ನು ತಳಿ ಸುಧಾರಣೆಯಿಂದ ನೀಗಬಹುದು ಎಂದ. 1883ರಲ್ಲಿ ‘ಯುಜೆನಿಕ್ಸ್’ ಎಂಬ ಪದವನ್ನು ಹುಟ್ಟುಹಾಕಿದವನೂ ಅವನೇ. ಆ ಪದದ ಹೆಸರಿನಲ್ಲಿ ಮುಂದೆ ಅಮೆರಿಕದ ಹಲವು ರಾಜ್ಯಗಳಲ್ಲಿ, 1933ರ ಕಾನೂನಿನ ನಂತರ ಜರ್ಮನಿಯಲ್ಲಿ, ಸಾವಿರಾರು ಜನರಿಗೆ ಬಲವಂತವಾಗಿ ಸಂತಾನಶಕ್ತಿ ಹರಣ ಮಾಡಲಾಯಿತು. ಎತ್ತನ್ನು ಒಂದು ವರ್ಷಕ್ಕೂ ಮಿಕ್ಕಿ ಹತ್ತಿರದಿಂದ ನೋಡಿ ಬರೆದವನು, ಮನುಷ್ಯರ ವಿಷಯಕ್ಕೆ ಬಂದಾಗ ಅಷ್ಟು ತಾಳ್ಮೆಯಿಂದ ನೋಡಲಿಲ್ಲ. ಬಿ.ಎಸ್ಸಿ. ಓದುವಾಗ ನಮಗೆ ಗಾಲ್ಟನ್ ಎಂದರೆ ಸಂಖ್ಯಾಶಾಸ್ತ್ರದ ಒಂದು ಹೆಸರು ಮಾತ್ರ. ಈ ಭಾಗವನ್ನು ಯಾರೂ ಹೇಳಲಿಲ್ಲ.

ಎತ್ತಿನ ಕಥೆಗೆ ಗಣಿತದ ರೂಪ ಬರಲು ಸರಿಯಾಗಿ ನೂರು ವರ್ಷ ಬೇಕಾಯಿತು. 1971ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಒಂದು ದುಂಡನೆಯ ಕೊಳವನ್ನು ಕಲ್ಪಿಸಿಕೊಂಡ. ದಡದ ಸುತ್ತ ಕಪ್ಪೆಗಳು, ನೀರಿನೊಳಗೊಂದು ಹಾವು. ಹಾವು ಎಲ್ಲಿ ತಲೆ ಎತ್ತುವುದೋ ಗೊತ್ತಿಲ್ಲ, ಎತ್ತಿದರೆ ತನಗೆ ಅತಿ ಹತ್ತಿರವಿರುವ ಕಪ್ಪೆಯನ್ನು ಹಿಡಿಯುತ್ತದೆ. ಕಪ್ಪೆಯ ಎರಡೂ ಪಕ್ಕದ ಖಾಲಿ ಜಾಗದಲ್ಲಿ ಅರ್ಧರ್ಧ ಅದರ ಅಪಾಯದ ವಲಯ. ಹಾಗಾದರೆ ಕಪ್ಪೆ ಏನು ಮಾಡಬೇಕು? ಒತ್ತಾಗಿ ಕೂತ ಇಬ್ಬರು ನೆರೆಯವರ ನಡುವೆ ಹಾರಿ ಕೂರಬೇಕು. ಎಲ್ಲವೂ ಅದನ್ನೇ ಮಾಡುತ್ತವೆ, ಸ್ವಲ್ಪ ಹೊತ್ತಿನಲ್ಲಿ ದಡದ ಮೇಲೆ ಕಪ್ಪೆಗಳ ರಾಶಿ! ಇದರಿಂದ ಹಾವಿನ ಊಟವೇನೂ ಕಡಿಮೆಯಾಗಲಿಲ್ಲ. ಹಾಗಿದ್ದರೂ ಹಿಂಡು ಹುಟ್ಟಿತು. ಹಿಂಡು ಎಂದರೆ ಸಹಕಾರ ಎಂದೇ ನಂಬಿದ್ದವರಿಗೆ ಇದು ತಣ್ಣೀರೆರಚಿದಂತಾಯಿತು.

ಆದರೆ ಜಿಂಕೆಗಳು ತಲೆ ಎತ್ತುವುದನ್ನು ಕಪ್ಪೆಗಳ ಲೆಕ್ಕ ವಿವರಿಸುವುದಿಲ್ಲ. ಅದಕ್ಕೆ 1973ರಲ್ಲಿ ರೊನಾಲ್ಡ್ ಪುಲಿಯಮ್ ಬೇರೆ ಲೆಕ್ಕ ಕೊಟ್ಟ. ಗಿಡುಗ ಎರಗುವ ಹೊತ್ತಿಗೆ ಒಂದು ಹಕ್ಕಿ ತಲೆ ತಗ್ಗಿಸಿರುವ ಸಂಭವ ಅರ್ಧ ಎಂದಿಟ್ಟುಕೊಳ್ಳಿ. ಎರಡು ಹಕ್ಕಿಗಳೂ ತಗ್ಗಿಸಿರುವ ಸಂಭವ ಕಾಲು. ಐದೂ ತಗ್ಗಿಸಿರುವ ಸಂಭವ 32ರಲ್ಲಿ 1 ಮಾತ್ರ. ಹೀಗಾಗಿ ಗುಂಪಿನಲ್ಲಿರುವ ಹಕ್ಕಿ ತಾನು ಕಡಿಮೆ ಕಾವಲು ಕಾದು ಹೆಚ್ಚು ಕಾಳು ಹೆಕ್ಕಬಹುದು. ತಲೆ ಎತ್ತುವುದು ಗೊತ್ತಾದ ಲಯದಲ್ಲಿರಬಾರದು, ಇದ್ದರೆ ಹೊಂಚುವವನು ಆ ಲಯವನ್ನು ಹಿಡಿದುಬಿಡುತ್ತಾನೆ. ಮರುವರ್ಷ ಗೊರವಂಕದ ಬಳಗದ ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ ಗಿಡುಗದ ಬೊಂಬೆ ಹಾರಿಸಿ ನೋಡಿದಾಗ ಹತ್ತರ ಗುಂಪು ಒಂಟಿ ಹಕ್ಕಿಗಿಂತ ಬೇಗ ಎಚ್ಚೆತ್ತಿತು. ರಾಬರ್ಟ್ ಕೆನ್‌ವರ್ಡ್ 1978ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಪಳಗಿಸಿದ ಗಿಡುಗವನ್ನು ಕಾಡು ಪಾರಿವಾಳಗಳ ಮೇಲೆ ಬಿಟ್ಟಾಗ ಒಂಟಿ ಪಾರಿವಾಳದ ವಿರುದ್ಧ ಅದು ನೂರಕ್ಕೆ ಸುಮಾರು 80 ಸಲ ಗೆದ್ದಿತು. ಐವತ್ತಕ್ಕೂ ಮಿಕ್ಕ ಗುಂಪಿನೆದುರು ಹತ್ತು ಸಲವೂ ಇಲ್ಲ. ದೊಡ್ಡ ಗುಂಪು ಗಿಡುಗವನ್ನು ದೂರದಲ್ಲಿಯೇ ಕಂಡು ಹಾರಿಬಿಡುತ್ತಿತ್ತು.

ಎಲ್ಲರೂ ಇನ್ನೊಬ್ಬರ ಕಣ್ಣನ್ನೇ ನಂಬಿ ಮೇಯುತ್ತ ಕೂತರೆ? ಅಪಾಯವನ್ನು ಮೊದಲು ಕಂಡದ್ದು ಮೊದಲು ಓಡುತ್ತದೆ. ಕೊನೆಗೆ ತಿಳಿದದ್ದಕ್ಕೆ ಆ ಎರಡು ಕ್ಷಣವೇ ದುಬಾರಿ. ಆದ್ದರಿಂದ ಕಾವಲು ಪೂರ್ತಿ ನಿಲ್ಲುವುದಿಲ್ಲ. ಕಣ್ಣು ಬೇರೆ ಜಾತಿಯದಾದರೂ ಆದೀತು. ನಮ್ಮ ಕಾಡುಗಳಲ್ಲಿ ಮುಸುವ ಮರದ ಮೇಲಿಂದ ಕೂಗಿದರೆ ಕೆಳಗಿನ ಜಿಂಕೆ ಕಿವಿ ನಿಮಿರಿಸುತ್ತದೆ. ಮುಸುವ ಬೀಳಿಸಿದ ಎಲೆ, ಹಣ್ಣು ಅದಕ್ಕೆ ಮೇಲು ಲಾಭ.

2012ರಲ್ಲಿ ಕುರಿಗಳ ಬೆನ್ನಿಗೆ ಉಪಗ್ರಹದ ಮೂಲಕ ಸ್ಥಾನ ತಿಳಿಸುವ ಉಪಕರಣ ಕಟ್ಟಿ, ಮಂದೆಯ ಮೇಲೆ ಕುರಿ ಕಾಯುವ ನಾಯಿಯನ್ನು ಬಿಟ್ಟು ನೋಡಿದರು. ನಾಯಿ ಹತ್ತಿರವಾದಂತೆ ಕುರಿಗಳು ಮಂದೆಯ ನಡುವಿನತ್ತ ಸರಿದವು. ಗಾಲ್ಟನ್ನನ ಎತ್ತು ಮಾಡಿದ್ದೂ ಅದನ್ನೇ.

ನಮ್ಮ ಚಿತ್ರದಲ್ಲಿ, ಎಡಗಡೆಯ ಪೊದೆಯ ಪಕ್ಕ, ಹಿಂಡಿನ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ ಇದೆ. ಉಳಿದವು ಒಂದು ಸಲ ತಲೆ ಎತ್ತುವಷ್ಟರಲ್ಲಿ ಅದು ಮೂರು ಸಲ ಎತ್ತುತ್ತದೆ. ಮರುಪ್ರಸಾರದಲ್ಲಿ ಅದನ್ನೇ ಗಮನಿಸಿ ನೋಡಿ.